ಚಾಲಕನ ಬೆನ್ನ ಹಿಂದಿನ ಪರದೆ

ಸ್ಕಾರ್‌ಬೆಕ್, ಯಾರ್ಕ್‌ಶೈರ್
14 ಅಕ್ಟೋಬರ್ 2009

ಪ್ರೀತಿಯ ನೊರೀನ್‌ಗೆ,

ನೀನೂ ಹೀದರಳೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಪಾರ್ಸೆಲ್ ಬಂದಾಗ ಹಿತ್ತಲಿನ ಪ್ಲಮ್ ಇನ್ನೂ ಕಾಯಾಗಿತ್ತು. ಈಗ ಹಣ್ಣಾಗಿ, ಜಾಮ್ ಆಗಿ, ಸೀಸೆ ಸೇರಿದೆ. ಇಷ್ಟು ತಡ ಮಾಡಬಾರದಿತ್ತು. ಇದಕ್ಕಿಂತ ಹೆಚ್ಚಿಗೆ ಕ್ಷಮೆ ಕೇಳಲು ನನಗೆ ಬರುವುದಿಲ್ಲ, ಅದು ನಿನಗೂ ಗೊತ್ತು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ಮಾತು ಬೇಗ ಆಡಬೇಕು. ನನ್ನದು ಯೋಚಿಸಿ ಆಡುವ ಮಾತಾಗಿತ್ತು.

ಮೊದಲು ಮನೆಯ ಸುದ್ದಿ. ನಿನ್ನ ಮಾವನಿಗೆ ಎಂಬತ್ತೈದು ತುಂಬಿತು. ಹೃದಯ ಸೋತಿದೆ, ಈ ಚಳಿಗಾಲ ಹೇಗೆ ಕಳೆಯುತ್ತದೋ ನೋಡೋಣ ಎಂದಿದ್ದಾರೆ ಡಾಕ್ಟರು. ಮೆಟ್ಟಿಲು ಹತ್ತುವುದು ಬೇಡವೆಂದು ಮಂಚವನ್ನು ಕೆಳಗಿನ ಕೋಣೆಗೆ ತರಿಸಿದ್ದೇನೆ. ನಾಲಿಗೆ ಮಾತ್ರ ಸೋತಿಲ್ಲ. ನನ್ನ ಗಂಜಿಗೆ ಉಪ್ಪಿಲ್ಲವಂತೆ, ನನ್ನ ಚಹಾಕ್ಕೆ ಬಣ್ಣವಿಲ್ಲವಂತೆ. ಅರವತ್ತು ವರ್ಷದಿಂದ ಅದೇ ಗಂಜಿ, ಅದೇ ಚಹಾ. ಈಗ ಕಂಡುಹಿಡಿದಿದ್ದಾರೆ.

ಇನ್ನು ಆ ಪೆಟ್ಟಿಗೆಯ ವಿಷಯ. ಕ್ಲಿಫರ್ಡ್‌ನ ಕಪಾಟು ಖಾಲಿ ಮಾಡುವಾಗ ಸಿಕ್ಕಿತೆಂದು ಕಾಣುತ್ತದೆ. ಮುಚ್ಚಳದ ಮೇಲೆ ಅವನ ಕೈಬರಹದಲ್ಲಿ ‘ಅಪ್ಪನಿಗೆ’ ಎಂದಿತ್ತು. ನೀನು ಒಂದು ಸಾಲನ್ನೂ ಬರೆಯದೆ ಕಳಿಸಿದೆ. ಒಳ್ಳೆಯದೇ ಮಾಡಿದೆ, ನಿನ್ನ ಜಾಗದಲ್ಲಿದ್ದರೆ ನಾನೂ ಬರೆಯುತ್ತಿರಲಿಲ್ಲ. ಮಗನ ಅಂತ್ಯಕ್ರಿಯೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ನಿನಗೆ ಒಂದು ಮಾತನ್ನೂ ಹೇಳದೆ ಎದ್ದುಹೋದ ಮುದುಕನಿಗೆ ಏನೆಂದು ಬರೆಯುವುದು? ಆದರೆ ಪಾರ್ಸೆಲ್ಲಿನ ದಾರ ಸಡಿಲವಾಗಿತ್ತು. ಮುಂದೆ ಕಟ್ಟುವಾಗ ಗಂಟು ಬಿಗಿಯಾಗಿ ಹಾಕು.

ಪೆಟ್ಟಿಗೆ ತೆರೆದರೆ ಎರಡು ಬೋಗಿಯ ಹಸಿರು ಡೀಸೆಲ್ ರೈಲುಗಾಡಿ, ಮೂತಿಯ ಮೇಲೆ ಮೀಸೆಯಂತೆ ಬಳಿದ ಕೆನೆಬಣ್ಣದ ಪಟ್ಟೆ. ನಿನ್ನ ಮಾವ ನಮ್ಮ ಕಣಿವೆಯಲ್ಲಿ ಓಡಿಸುತ್ತಿದ್ದಂಥದ್ದೇ, ಗೇಣು ಗಾತ್ರದ್ದು. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಕೈಯಾರೆ ಕಟ್ಟಿದ್ದಲ್ಲ ಕಣೇ, ಕೊಂಡಿದ್ದು. ಪೆಟ್ಟಿಗೆಯಿಂದ ತೆಗೆದು ಹಳಿ ಮೇಲೆ ಇಟ್ರೆ ಓಡುತ್ತೆ. ಇವನಿಗೆ ಯಾವತ್ತು ತಾಳ್ಮೆ ಇತ್ತು?” ಎಂದರು. ಆಮೇಲೆ, “ಹಸಿರು ಜಾಸ್ತಿ ಹೊಳೀತಿದೆ. ನಮ್ ಗಾಡಿ ತೊಳೆಯೋರೇ ಇರ್ಲಿಲ್ಲ.”

“ಹಾಗಾದ್ರೆ ವಾಪಸ್ ಕಳಿಸ್ಲಾ?” ಎಂದೆ.

“ಕಳಿಸು ಅಂದ್ನಾ ನಾನು?”

ಎರಡು ಮನೆಯಾಚೆಯ ಪಿಕರ್ಸ್‌ಗಿಲ್ ಚರ್ಚ್ ಹಾಲಿನಲ್ಲಿ ಆಟದ ರೈಲಿನ ಕ್ಲಬ್ಬು ನಡೆಸುತ್ತಾನೆ. ಆಟದ ರೈಲು ಎಂದರೆ ಅವನಿಗೆ ಸಿಟ್ಟು, ‘ಮಾದರಿ’ ಎನ್ನಬೇಕು. ಅವನು ಹಳಿ ತಂದು ನನ್ನ ತಾಯಿಯ ಊಟದ ಮೇಜಿನ ಮೇಲೆ ದುಂಡಗೆ ಜೋಡಿಸಿಕೊಟ್ಟ. ಅಂದಿನಿಂದ ನಾವು ಅಡುಗೆಮನೆಯಲ್ಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ನಾನು ಏನೂ ಅಂದಿಲ್ಲ. ನಾನು ಏನೂ ಅನ್ನದಿರುವುದು ಎಷ್ಟು ದೊಡ್ಡ ಸುದ್ದಿಯೆಂದು ನಿನಗೆ ಗೊತ್ತು.

ಆ ಗಾಡಿಗಳು ಬಂದ ಕಾಲ ನಿನಗೆ ತಿಳಿಯದು. ಅದಕ್ಕೆ ಮೊದಲು ನಿನ್ನ ಮಾವ ಉಗಿಬಂಡಿಯಲ್ಲಿ ಕಲ್ಲಿದ್ದಲು ಮೆತ್ತಿಕೊಂಡು ಬರುತ್ತಿದ್ದರು; ಅವರ ಅಂಗಿ ಒಗೆದು ನನ್ನ ಕೈ ಸವೆದಿತ್ತು. ಡೀಸೆಲ್ ಬಂದ ಮೇಲೆ ಬಿಳಿ ಕಾಲರು ಬಿಳಿಯಾಗಿಯೇ ಮನೆಗೆ ಬಂತು. ಚಾಲಕನ ಬೆನ್ನ ಹಿಂದೆ ಬರೀ ಗಾಜು. ಮೊದಲ ಸೀಟಿನಲ್ಲಿ ಕೂತವರಿಗೆ ಚಾಲಕನ ಕೈ, ಮುಂದಿನ ಹಳಿ, ಸೇತುವೆ, ಕುರಿ, ಎಲ್ಲ ಕಾಣುತ್ತಿತ್ತು. ಕ್ಲಿಫರ್ಡ್‌ಗೆ ಆಗ ಹನ್ನೆರಡು. ಶಾಲೆ ಬಿಟ್ಟವನೇ ಓಡಿಬಂದು ಆ ಸೀಟು ಹಿಡಿಯುತ್ತಿದ್ದ. ಅಪ್ಪ ತಿರುಗಿ ನೋಡುವಂತಿಲ್ಲ, ಮಾತಾಡುವಂತಿಲ್ಲ. ಸುರಂಗ ಬರುವ ಮೊದಲು ಟೋಪಿಯನ್ನು ಒಮ್ಮೆ ಹಿಂದಕ್ಕೆ ತಳ್ಳುತ್ತಿದ್ದರು. ಅದು ಮಗನಿಗೆ ಸನ್ನೆ. ಊರಿಗೆಲ್ಲ ಗೊತ್ತಿತ್ತು.

ಗಾಜಿಗೊಂದು ಪರದೆಯೂ ಇತ್ತು. ಕತ್ತಲಾದ ಮೇಲೆ ಒಳಗಿನ ದೀಪ ಕಣ್ಣಿಗೆ ಹೊಡೆಯಬಾರದೆಂದು ಚಾಲಕರು ಅದನ್ನು ಇಳಿಸುತ್ತಿದ್ದರು. ಕೆಲವರಿಗೆ ಹಿಂದಿನಿಂದ ಯಾರಾದರೂ ನೋಡುತ್ತಿದ್ದರೆ ಆಗುತ್ತಿರಲಿಲ್ಲ, ಹಗಲಿನಲ್ಲೂ ಇಳಿಸುತ್ತಿದ್ದರು. ನಿನ್ನ ಮಾವ ಹಗಲಿನಲ್ಲಿ ಎಂದೂ ಇಳಿಸಿದವರಲ್ಲ.

ಆಮೇಲೆ ಲೈನು ಮುಚ್ಚುತ್ತಾರೆಂದು ನೋಟೀಸು ಬಂತು. ರೈಲಿನ ಬದಲು ಅದೇ ದಾರಿಯಲ್ಲಿ ಬಸ್ಸು. ಹತ್ತೊಂಬತ್ತು ವರ್ಷದ ಕ್ಲಿಫರ್ಡ್ ಆ ಬಸ್ಸಿಗೆ ಕಂಡಕ್ಟರಾಗಿ ಸೇರಿಕೊಂಡ. ಕೊನೆಯ ರೈಲಿನ ದಿನ ಬೆಳಗಿನ ತಿಂಡಿಗೆ ಕೂತಾಗ ಅದನ್ನು ಹೇಳಿದ.

“ನಮ್ಮನ್ನ ಹೂಳೋಕೆ ಬಂದೋರ ಗುದ್ದಲಿ ನೀನೇ ಹಿಡ್ಕೊಂಡ್ಯಾ?” ಎಂದರು ಇವರು.

“ಯಾರಾದ್ರೂ ಟಿಕೆಟ್ ಹರೀಲೇಬೇಕಲ್ಲಪ್ಪ. ಜನ ಪೇಟೆಗೆ ಹೋಗೋದು ಬೇಡ್ವಾ?”

ಆ ಮಧ್ಯಾಹ್ನ ಕೊನೆಯ ಗಾಡಿಗೆ ಊರೇ ನೆರೆದಿತ್ತು. ನಾನೂ ಹತ್ತಿದೆ. ಕ್ಲಿಫರ್ಡ್‌ಗೆಂದು ಅವನ ಸೀಟನ್ನು ಜನ ಬಿಟ್ಟುಕೊಟ್ಟಿದ್ದರು. ಗಾಡಿ ಹೊರಡುವ ಮೊದಲು ಇವರು ಒಮ್ಮೆ ಹಿಂದಿರುಗಿ ನೋಡಿ ಪರದೆ ಇಳಿಸಿದರು. ಕೊನೆಯ ನಿಲ್ದಾಣದವರೆಗೂ ಎತ್ತಲಿಲ್ಲ. ಆಚೆ ಬದಿಯ ಗಾಜಿನಲ್ಲಿ ದಾರಿ ಕಾಣುತ್ತಿತ್ತು, ಆದರೆ ಕ್ಲಿಫರ್ಡ್ ಜಾಗ ಬದಲಿಸಲಿಲ್ಲ. ಅದನ್ನೇ ನೀನು ಅಂತ್ಯಕ್ರಿಯೆಯ ದಿನ ಚಹಾದ ಲೋಟ ಹಿಡಿದು ಕೇಳಿದೆ: “ಅತ್ತೆ, ಆ ಪರದೆ ಯಾಕೆ ಇಳಿಸಿದ್ರು? ಕ್ಲಿಫರ್ಡ್ ಸಾಯೋವರೆಗೂ ಯಾಕಂತ ಹೇಳ್ಲಿಲ್ಲ.” ಎದುರಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ನಾನು ಹೇಳಿದೆ. ನೀನು ತಲೆಯಾಡಿಸಿದೆ. ನಂಬಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲಿನದು ನಿನಗೆ ಗೊತ್ತಿರುವುದೇ. ಜಗಳವಾದರೂ ಆಗಿದ್ದರೆ ರಾಜಿ ಮಾಡಿಸಬಹುದಿತ್ತು. ಜಗಳವಾಗಲಿಲ್ಲ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಬಂದವನು ಅಪ್ಪನಿಗೆ ಬಟಾಣಿ ಬೇಕೇ ಎಂದು ನನ್ನನ್ನು ಕೇಳುತ್ತಿದ್ದ; ಇವರು ಸಾಕು ಅಂತ ಹೇಳು ಎಂದು ನನಗೇ ಹೇಳುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ವಾರ ಪಿಕರ್ಸ್‌ಗಿಲ್ ಗಾಡಿಯ ಚಕ್ರಕ್ಕೆ ಎಣ್ಣೆ ಬಿಡಲು ಬಂದಿದ್ದ. ಭೂತಗನ್ನಡಿ ಹಿಡಿದು ಮುಂಭಾಗ ನೋಡಿದವನು ಇವರತ್ತ ತಿರುಗಿ, “ಅರ್ನಾಲ್ಡ್, ಇದನ್ನ ಯಾರೋ ಬಿಚ್ಚಿ ಮತ್ತೆ ಮುಚ್ಚಿದಾರಯ್ಯ. ಕಂಪನಿಯೋರು ಇಂಥದ್ದು ಹಾಕಲ್ಲ,” ಎಂದ.

“ಎಂಥದ್ದು?”

“ಪರದೆ. ಡ್ರೈವರ್ ಹಿಂದೆ. ಕಾಗದದ ಚೂರು ಅಂಟಿಸಿದಾರೆ. ತಡಿ, ಇದರ ಮೇಲೆ ಏನೋ ಅಚ್ಚಾಗಿದೆ… ಬಸ್ ಟಿಕೆಟ್ಟು ಕಣಯ್ಯ ಇದು!”

ಇವರು ಬಾಯಿಬಿಟ್ಟು ನಕ್ಕುಬಿಟ್ಟರು. “ಬಿಡ್ಲಿಲ್ಲ ನೋಡೇ ವಿನ್ನೀ, ಹುಡುಗ ತಿರುಗೇಟು ಕೊಡದೆ ಬಿಡ್ಲಿಲ್ಲ!” ಎಂದರು. ಪಿಕರ್ಸ್‌ಗಿಲ್ ಇನ್ನೂ ನೋಡುತ್ತಿದ್ದ. ಎರಡು ಬೋಗಿಯಲ್ಲೂ ಸೀಟುಗಳೆಲ್ಲ ಖಾಲಿ, ಪರದೆಗೆ ಮುಖ ಮಾಡಿ ಒಬ್ಬನೇ ಒಬ್ಬ ಕೂತಿದ್ದಾನೆ, ಅಕ್ಕಿಕಾಳಿನಷ್ಟು ತಲೆ ಎಂದ. ನಗು ನಿಂತಿತು.

ಆ ದಿನ ಇವರು ಗಾಡಿ ಓಡಿಸಲಿಲ್ಲ. ಮರುದಿನ ನನ್ನ ಹುಬ್ಬಿನ ಚಿಮಟ ತೆಗೆದುಕೊಂಡು ಮೇಜಿನ ಮುಂದೆ ಕೂತರು. ಅಷ್ಟು ಸಣ್ಣ ಪರದೆ ಚಿಮಟಕ್ಕೆ ಸಿಗಲೇ ಇಲ್ಲ, ನೊರೀನ್. ಹಸಿರು ಬಣ್ಣಕ್ಕೆ ಒಂದು ಗೀರು ಬಿತ್ತು, ಅಷ್ಟೆ. ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇನೆ ಎಂದ ಪಿಕರ್ಸ್‌ಗಿಲ್‌ಗೆ ಬೈದು ಕಳಿಸಿದರು: “ಪರದೆ ಇಳಿಸೋದು ಏರಿಸೋದು ಡ್ರೈವರ್ ಕೆಲ್ಸ. ಕ್ಲಬ್ಬಿನೋರದ್ದಲ್ಲ.”

“ಇದ್ದರೆ ಇರಲಿ ಬಿಡಿ, ಒಂದು ಚೂರು ಕಾಗದ,” ಎಂದೆ ನಾನು.

“ಹುಡುಗನಿಗೆ ದಾರಿ ಕಾಣ್ತಿಲ್ಲ ಕಣೇ,” ಎಂದರು.

ಆಮೇಲೆ ಚಿಮಟ ಕೆಳಗಿಟ್ಟು ಕೇಳಿದರು: “ಹೀದರ್ ಏನ್ ಕೆಲ್ಸ ಮಾಡ್ತಾಳೆ ಅಂದೆ?”

“ಹಲ್ಲಿನ ಸೆಟ್ಟು ಕಟ್ತಾಳೆ. ಲ್ಯಾಬಿನಲ್ಲಿ.”

“ಹಾಗಾದ್ರೆ ಸಣ್ಣ ಕೆಲ್ಸ ಬರುತ್ತೆ. ಅವಳು ಬರ್ತಾಳಾ ಕೇಳು. ಅವನ ಮಗಳು ಕೈ ಹಾಕಿದ್ರೆ ಪರವಾಗಿಲ್ಲ.”

ಇಷ್ಟಕ್ಕೇ ಈ ಕಾಗದ. ನಾನು ಯಾರನ್ನೂ ಮನೆಗೆ ಬನ್ನಿ ಎಂದು ಕೇಳಿಕೊಂಡವಳಲ್ಲ. ಬಂದವರಿಗೆ ಊಟ ಹಾಕಿದ್ದೇನೆ, ಅಷ್ಟೆ. ಈಗ ಕೇಳುತ್ತಿದ್ದೇನೆ. ಬರುವ ಭಾನುವಾರ ಹೀದರಳನ್ನು ಕರೆದುಕೊಂಡು ಬಾ. ನೀನು ಇವರೊಡನೆ ಮಾತಾಡಲೇಬೇಕೆಂದಿಲ್ಲ. ಕುರಿಮಾಂಸ ಮಾಡುತ್ತೇನೆ, ಮೇಜು ಖಾಲಿ ಇಲ್ಲದ್ದರಿಂದ ತೊಡೆಯ ಮೇಲೆ ತಟ್ಟೆ ಇಟ್ಟುಕೊಳ್ಳಬೇಕಾಗುತ್ತದೆ. ತಡ ಮಾಡಬೇಡಿ. ಡಾಕ್ಟರು ಹೇಳಿದ್ದನ್ನು ಮೇಲೆ ಬರೆದಿದ್ದೇನೆ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ನನ್ನ ಮಗನನ್ನು ನೀನು ಚೆನ್ನಾಗಿ ನೋಡಿಕೊಂಡೆ. ಇದನ್ನು ಅವನು ಬದುಕಿದ್ದಾಗಲೇ ಹೇಳಬೇಕಿತ್ತು.

ನಿನ್ನ ಅತ್ತೆ,
ವಿನಿಫ್ರೆಡ್ ರೇಸ್ಟ್ರಿಕ್

ಮರೆತ ಮಾತು: ಆ ದಿನ ಬಿಸಿಲಿರಲಿಲ್ಲ, ನೊರೀನ್. ಬೆಳಗಿನಿಂದ ಜಿನುಗುಮಳೆ, ಕಣಿವೆಯೆಲ್ಲ ಮಬ್ಬು. ಬಿಸಿಲು ಎಂದವನು ಕ್ಲಿಫರ್ಡ್. ಪರದೆ ಇಳಿದಾಗ ನಾನು ಅವನ ಪಕ್ಕದ ಸೀಟಿನಲ್ಲೇ ಇದ್ದೆ. ನನ್ನ ಮುಖ ನೋಡಿ, “ಅಪ್ಪನ ಕಣ್ಣಿಗೆ ಬಿಸಿಲು ಹೊಡೀತಿರ್ಬೇಕು ಅಮ್ಮ,” ಎಂದ. ನಾನು ನೊಂದುಕೊಳ್ಳಬಾರದೆಂದು ಅಂದ ಮಾತು. ಅದನ್ನೇ ಹಿಡಿದುಕೊಂಡು ನಲವತ್ತೈದು ವರ್ಷ ಎಲ್ಲರಿಗೂ ಹೇಳಿದೆ, ಕೊನೆಗೆ ನಿನಗೂ. ನಿನ್ನೆ ಪಿಕರ್ಸ್‌ಗಿಲ್‌ನ ಭೂತಗನ್ನಡಿ ಕೇಳಿ ಪಡೆದು ಗಾಡಿಯೊಳಗೆ ನಾನೇ ನೋಡಿದೆ. ಅವನ ಪಕ್ಕದ ಸೀಟು ಖಾಲಿ ಇದೆ. ಹ್ಯಾಟು ಹಾಕಿ ಕೂತ ಹೆಂಗಸಿನ ಗೊಂಬೆಗಳೂ ಅಂಗಡಿಯಲ್ಲಿ ಸಿಗುತ್ತವಂತೆ. ಹೀದರ್ ಒಂದನ್ನೂ ತರುವುದು ಬೇಡ. ಅವನು ಕೂರಿಸದ ಜಾಗದಲ್ಲಿ ನಾನು ಕೂರುವುದಿಲ್ಲ.