ಒಂದನೇ ತಾರೀಖಿನ ತೂಕ

ಬಸವಕಲ್ಯಾಣ
ಆದಿತ್ಯವಾರ, 9 ಫೆಬ್ರುವರಿ 2025

ನನ್ನ ಮೀನಾಗ ಅವ್ವನ ಆಶೀರ್ವಾದ.

ನಾನು ಇಲ್ಲಿ ಕ್ಷೇಮ ಅಂತ ಮೊದಲಿಗೆ ಬರೀಬೇಕು, ಸಾಲ್ಯಾಗ ಹಂಗ ಕಲಿಸಿದ್ದರು. ನಾ ಐದನೇ ಇಯತ್ತೆ ಅರ್ಧಕ್ಕ ಬಿಟ್ಟಾಕಿ, ಸುಳ್ಳು ಬರಿಯೋದು ಮುಂದಿನ ಇಯತ್ತೆದಾಗ ಕಲಿಸ್ತಿದ್ದರೋ ಏನೋ. ಸುಳ್ಳು ಹೇಳೋದು ಮಾತ್ರ ಸಾಲಿ ಇಲ್ಲದೇ ಕಲಿತೀನಿ. ಅದನ್ನ ಹೇಳಾಕೇ ಈ ಕಾಗದ.

ಹನ್ನೊಂದು ದಿನ ಆತು, ನೀ ಫೋನ್ ಎತ್ತಿಲ್ಲ. ನಿನ್ನ ಗಂಡ ಸಂಜುಕುಮಾರ ಎತ್ತಿದ. ನೀ ತೂಕದ ಮಶೀನು, ಅಳಿಯೋ ಟೇಪು ಎಲ್ಲಾ ಟ್ರಂಕಿನ್ಯಾಗ ಹಾಕಿ ಕೀಲಿ ಜಡಿದೀಯಂತ. ದವಾಖಾನಿಯ ಕೆಲಸ ಈ ತಿಂಗಳ ಕಡೀಗಿ ಬಿಡ್ತೀನಿ ಅಂತ ಬರದುಕೊಟ್ಟೀಯಂತ. ಅಪ್ಪನ್ನ ನಾನೇ ನಂಬರು ಹೇಳಿ ಹೇಳಿ ಕೊಂದೆ ಅಂತೀಯಂತ. ಅವ ಹೇಳಾಕತ್ತಿದ್ದ, ನಾ ಸೆರಗು ಬಾಯಾಗ ಇಟಗೊಂಡು ಕೇಳಾಕತ್ತಿದ್ದೆ. ಖರೆ ಹೇಳಿದರ ನೀ ನನ್ನ ಮುಖ ನೋಡಲಿಕ್ಕಿಲ್ಲ ಅಂತ ಒಂದು ಅಂಜಿಕಿ. ಹೇಳದಿದ್ದರ ನೀ ನಿನ್ನನ್ನೇ ಸುಟಗೋತಿ ಅಂತ ಒಂದು ಅಂಜಿಕಿ. ಎರಡನೇದು ದೊಡ್ಡದಾತು, ಅದಕ್ಕ ಪೆನ್ನು ಹಿಡದೀನಿ.

ಈ ಹಾಳಿ ನಿನ್ನ ಏಳನೇ ಇಯತ್ತೆ ಗಣಿತದ ನೋಟ್‌ಬುಕ್ಕಿಂದು. ಇದರ ಹಿಂದಿನ ಪುಟದಾಗೇ ನಿಮ್ಮಪ್ಪನ ತೂಕ ಬರೀತಿದ್ದೆ. ಆ ಪುಟ ಹರಿಯಾಕ ಕೈ ಬರಲಿಲ್ಲ.

ನಿನಗ ನೆನಪದ, ಹೋದ ವರ್ಷ ಇದೇ ಫೆಬ್ರುವರಿ. ನಿಮ್ಮಪ್ಪ ತೊಗರಿ ಲಾರಿ ಕೂಡ ಹುಮನಾಬಾದದ ಗಂಜಿಗೆ, ಕಾಳಿನ ಮಾರ್ಕೆಟ್ಟಿಗೆ, ಹೋಗಿದ್ದರು. ಅಲ್ಲಿ ಹಮಾಲರಿಗೆಲ್ಲ ತಪಾಸಣಿ ಅಂತ ಪೆಂಡಾಲು ಹಾಕಿದ್ದರು. ಸಾಲಿನ್ಯಾಗ ನಿಂತರ ಚಾ-ಬಿಸ್ಕೀಟು ಕೊಡ್ತಾರಂತ ಇವರೂ ನಿಂತರು. ತೂಕ ಬರಿಯಾಕ ಕೂತಾಕಿ ನೀ, ತಲಿ ಎತ್ತದೇ ಮುಂದ ಬರ್ರಿ ಕಾಕಾ ಅಂದಿಯಂತ. ಮಶೀನಿನ ಮ್ಯಾಲ ನಿಂತರು, ಗ್ವಾಡಿಗೆ ಬೆನ್ನು ಹಚ್ಚಿದರು, ನೀ ಎಂಬತ್ತೆಂಟು ಕಿಲೋ ಅಂತ ಬರದಿ, ನೂರಾ ಅರವತ್ತೆಂಟು ಸೆಂಟಿಮೀಟರ್ ಅಂತ ಬರದಿ, ಹೆಸರು ಕೇಳಿದಿ. ಏಕನಾಥ ಅಂದರು. ಆವಾಗ ತಲಿ ಎತ್ತಿದಿ. ಬ್ಯಾರೆ ಮಂದ್ಯಾಗ ಲಗ್ನ ಆದಿ ಅಂತ ಮೂರು ವರ್ಷ ನಿನ್ನ ಕೂಡ ಮಾತು ಬಿಟ್ಟವರು ಎದುರಿಗೆ ಬನಿಯನ್ ಮ್ಯಾಲ ನಿಂತಿದ್ದರು. ನೀ ಮೊದಲು ಅಂದ ಮಾತು, ಬಿಎಂಐ ಮೂವತ್ತೊಂದು ಅದ, ಜಾಸ್ತಿ ಆತು ಅಪ್ಪಾ.

ಮನೀಗಿ ಬಂದು ಚಪ್ಪಲಿ ಬಿಡೋಕಿಂತ ಮೊದಲು ನನಗ ಹೇಳಿದ್ದೂ ಅದನ್ನೇ. ನಿನ್ನ ಮಗಳು ನನಗ ದಪ್ಪ ಅಂದಳು ಅಂತ ಸಿಟ್ಟು ಮಾಡಿದರು. ಮೂವತ್ತು ವರ್ಷ ಚೀಲ ಹೊತ್ತ ಹೆಗಲು ಇದು, ಇದೆಲ್ಲಾ ಕೊಬ್ಬೇನು, ಆಕಿ ಮಶೀನಿಗೆ ಕೊಬ್ಬು ಯಾವುದು ರಟ್ಟಿ ಯಾವುದು ತಿಳೀತದೇನು ಅಂದರು. ಚಪ್ಪಲಿ ಬಿಟ್ಟು ಒಳಗ ಬಂದು, ಒಂದನೇ ತಾರೀಖಿಗೆ ತೂಕ ನೋಡಿ ಫೋನ್ ಮಾಡು ಅಂದಾಳ ಅಂದರು. ಆ ಮಾತು ಹೇಳುವಾಗ ಅವರ ಮುಖ ನಾ ನೋಡೀನಿ. ನೀ ಹುಟ್ಟಿದ ದಿನ ಹಂಗಿತ್ತು.

ಆ ಬಿಎಂಐ ನಂಬರು ಹೆಂಗ ತಗೀಬೇಕಂತ ನೀ ನನಗ ಫೋನಿನ್ಯಾಗ ಎಲ್ಲಾ ಬಿಡಿಸಿ ಹೇಳಿದ್ದಿ. ಕಿಲೋನ ಎತ್ತರದ ಮೀಟರಿನಿಂದ ಒಮ್ಮೆ ಭಾಗಿಸು, ಬಂದದ್ದನ್ನ ಮತ್ತೊಮ್ಮೆ ಅದರಿಂದಲೇ ಭಾಗಿಸು ಅಂದಿ. ನಮ್ಮ ಮಂದಿಗೆ ಇಪ್ಪತ್ತಮೂರರ ಕೆಳಗ ಇದ್ದರ ಛಲೋ ಅಂದಿ. ಅಪ್ಪ ಹೇಳೋದೂ ಖರೆ ಅದ, ಹಮಾಲರಿಗೆ ರಟ್ಟಿ ಜಾಸ್ತಿ, ಅದಕ್ಕ ನಂಬರು ಒಂದನ್ನೇ ನಂಬಬಾರದು, ಸೊಂಟದ ಸುತ್ತಳತಿನೂ ಹೇಳು, ಸಕ್ಕರಿ ಜಡ್ಡಿಗೆ ರಕ್ತ ತಪಾಸು ಮಾಡಿಸು ಅಂದಿ. ನಾ ಹ್ಞೂಂ ಹ್ಞೂಂ ಅಂದೆ. ಭಾಗಾಕಾರ ಬರ್ತಿದ್ದಿಲ್ಲ, ಅದನ್ನ ನೀನೇ ಮಾಡಿಕೊಂಡಿ. ಟೇಪು ಇಲ್ಲ ಅಂತ ಸುತ್ತಳತಿ ಹೇಳಲೇ ಇಲ್ಲ. ರಕ್ತ ಕೊಡಾಕ ನಿಮ್ಮಪ್ಪ ಹೋಗಲಿಲ್ಲ, ನಾ ಒತ್ತಾಯ ಮಾಡಲಿಲ್ಲ. ಇದು ನನ್ನ ಮೊದಲನೇ ತಪ್ಪು, ಬರಕೋ.

ಚಾದಾಗ ಸಕ್ಕರಿ ಬಿಟ್ಟರು, ಅನ್ನ ಅರ್ಧ ಮಾಡಿದರು. ಜೂನ್ ತಿಂಗಳಿಗೆ ಎಂಬತ್ತನಾಕು ಆದರು. ಆ ನಾಕು ಕಿಲೋ ಖರೇನ ಗುಣ ಕೊಟ್ಟವು, ಮೀನಾ. ಮೊಣಕಾಲ ನೋವು ಹೋಗಿತ್ತು, ಲಾರಿ ಹಲಗಿ ಹತ್ತುವಾಗ ದಮ್ಮು ಬರ್ತಿದ್ದಿಲ್ಲ. ನೀ ಹೇಳಿದ್ದು ಸುಳ್ಳಲ್ಲ ಅಂತ ನಾ ಇದನ್ನ ಮೊದಲು ಬರೀತೀನಿ.

ಒಂದನೇ ತಾರೀಖಂದರ ಹಬ್ಬ. ಬೆಳಿಗ್ಗೆ ಎದ್ದು ಚಾ ಸುದ್ದಾ ಕುಡೀದೇ ಹೋಗೋರು, ಚಾದ್ದೂ ತೂಕ ಬರ್ತದ ಅಂತ. ಕಾಳು ಕೊಳ್ಳೋ ಅಡತಿ ಮಹಾರುದ್ರಪ್ಪನ ಅಂಗಡ್ಯಾಗ ಚೀಲ ತೂಗೋ ಕಾಟಾ ಅದಲ್ಲ, ಅದರ ಮ್ಯಾಲ ನಿಲ್ಲೋರು. ಸೊಂಟದಾಗಿನ ಚೀಲ ಎಳಿಯೋ ಕಬ್ಬಿಣದ ಕೊಂಡಿ ತಗದು ಬದಿಗಿಡೋರು. ಮಹಾರುದ್ರಪ್ಪ ಚಾಷ್ಟಿ ಮಾಡ್ತಿದ್ದ, ಏಕನಾಥ, ತೊಗರಿ ಚೀಲಕ್ಕ ಚುಚ್ಚಿ ಒಳಗಿನ ಕಾಳು ನೋಡದೇ ನಾ ಬರೇ ತೂಕಕ್ಕ ಮಾಲು ಹಿಡಿಯೋದಿಲ್ಲ, ನಿನಗೂ ಚುಚ್ಚಲೇನು ಅಂತ. ಎಲ್ಲಾರೂ ನಗೋರು. ಆಮ್ಯಾಲ ಮನೀಗಿ ಬಂದು ಇಸ್ತ್ರಿ ಅಂಗಿ ಹಾಕ್ಕೊಂಡು ಫೋನ್ ಎದುರಿಗಿ ಕೂಡೋರು. ಫೋನಿನ್ಯಾಗ ಅಂಗಿ ಯಾರಿಗಿ ಕಾಣ್ತದ ಅಂತ ನಾ ಅಂದರ, ನಿನಗ ತಿಳಿಯಂಗಿಲ್ಲ ಸುಮ್ಮ ಕೂಡು ಅನ್ನೋರು. ಮೊದಲು ನಂಬರು ಹೇಳೋರು. ನೀ ಶಾಬಾಸ್ ಅಪ್ಪಾ ಅಂದ ಮ್ಯಾಲ ಮಳಿ ಬಂತೇನು, ಅಡಗಿ ಏನು ಮಾಡಿದಿ, ನಿನ್ನ ಗಂಡ ಕುಡೀತಾನೇನು ಅಂತ ಒಂದೊಂದೇ ಬಿಚ್ಚೋರು. ಸಿಟ್ಟಿನ ಮನುಷ್ಯಾ, ನಿನ್ನ ಕೂಡ ಮಾತಾಡಾಕ ಅವರಿಗೆ ಆ ನಂಬರೇ ಬಾಗಲ ಇತ್ತು.

ಇಲ್ಲಿಂದ ಬರಿಯೋದು ತ್ರಾಸ. ನೀರು ಕುಡದು ಬರ್ತೀನಿ.

ಜುಲೈದಾಗ ಎಂಬತ್ತು. ಆಗಸ್ಟಿನ್ಯಾಗ ಎಪ್ಪತ್ತೈದು. ಸೆಪ್ಟೆಂಬರಿನ್ಯಾಗ ಎಪ್ಪತ್ತು. ನೀ ಪ್ರತಿ ಸಲ ನನ್ನ ಕಡಿ ಫೋನ್ ಕೊಡಿಸಿ ಎರಡು ಮಾತು ಕೇಳ್ತಿದ್ದಿ. ಇಷ್ಟು ಲಗು ಯಾಕ ಇಳೀತದ ಅವ್ವ, ಊಟ ಸರಿ ಮಾಡ್ತಾನೇನು, ಸುಸ್ತು ಅಂತಾನೇನು ಅಂತ. ನಾ ಪ್ರತಿ ಸಲ ಛಲೋ ಉಣ್ತಾರ, ಕುದರಿ ಆಗ್ಯಾರ ಅಂದೆ. ನೀ ಕೇಳಿದ್ದಿ ಮೀನಾ. ನಂಬರು ಹಿಡಕೊಂಡು ಕುಣದು ಬಿಟ್ಟಾಕಿ ಅಲ್ಲ ನೀ. ಕೇಳಬೇಕಾದ್ದು ಕೇಳಿದ್ದಿ, ಸುಳ್ಳು ಹೇಳಿದಾಕಿ ನಾನು.

ಎರಡು ರೊಟ್ಟಿ ಹಾಕಿದರ ನಿಮ್ಮಪ್ಪ ಒಂದರಾಗ ಅರ್ಧ ತಿಂದು ಉಳಿದದ್ದು ಬಿಡ್ತಿದ್ದರು. ಹೊಟ್ಟಿಯಿಂದ ಬೆನ್ನಿಗಿ ಚುಚ್ಚತದ ಅನ್ನೋರು. ಹಮಾಲನ ಬೆನ್ನು ನೋಯದೇ ಸಾವಕಾರನ ಬೆನ್ನು ನೋಯತದೇನು ಅಂತ ತಾವೇ ನಗೋರು. ಟೇಪು ಇಲ್ಲ ಅಂದಿದ್ದೆನಲ್ಲ, ಅವರ ಸೊಂಟದಾಗ ಕೆಂಪು ಉಡದಾರ ಇತ್ತಲ್ಲ, ಅದೇನು ಟೇಪಿಗಿಂತ ಕಡಿಮೇನು. ಜುಲೈದಾಗ ಅದು ಜಾರಿ ತೊಡಿಗಿ ಬಂತು. ನಾನೇ ಬಿಗಿ ಮಾಡಿ ಗಂಟು ಹಾಕಿ, ಉಳಿದ ತುಂಡು ಕತ್ತರಿಸಿದೆ. ಸೆಪ್ಟೆಂಬರಿನ್ಯಾಗ ಮತ್ತ ಕತ್ತರಿಸಿದೆ. ಎರಡನೇ ತುಂಡು ನನ್ನ ನಾಕು ಬೆರಳಷ್ಟು ಇತ್ತು. ಅದನ್ನೂ ಮೊದಲಿನ ತುಂಡಿನ ಕೂಡ ಡಬ್ಬ್ಯಾಗ ಇಟ್ಟೆ. ಮಗಳಿಗಿ ಹೇಳಬ್ಯಾಡ ಅಂದರು. ನಾ ಹೇಳಲಿಲ್ಲ.

ಮುಷರಫ್ ನಿನಗ ಗೊತ್ತು, ಇಪ್ಪತ್ತು ವರ್ಷದಿಂದ ಅವರ ಜೋಡಿ ಚೀಲ ಹೊರೋವ. ಒಂದಿನ ಮನೀ ತನಕ ಬಂದು ಬಾಗಲದಾಗೇ ನಿಂತ. ಭಾಬಿ, ಏಕನಾಥಣ್ಣ ಇವತ್ತು ಹಲಗಿ ನಡಬರಕ ಚೀಲ ಇಳಿಸಿ ಕೂತಬಿಟ್ಟ, ಮನುಷ್ಯಾ ಸೊರಗಿದರ ಹಗುರಾಗಿ ಓಡ್ಯಾಡಬೇಕ್ರಿ, ಇಂವಗ ಅವನ ಮೈನೇ ಭಾರ ಆಗ್ಯಾದ ಅಂದ. ಚೀಲ ಹಗುರ ಬಂದರ ನಾವು ಮೊದಲು ತೂತು ಎಲ್ಲದ ಅಂತ ಹುಡಕ್ತೀವಿ ಭಾಬಿ, ನೀವು ಪೇಢೆ ಹಂಚಾಕತ್ತೀರಿ ಅಂದ. ನನಗ ಸಿಟ್ಟು ಬಂತು. ನನ್ನ ಗಂಡನ ಮ್ಯಾಲ ನಿನ್ನ ಕಣ್ಣು ಬ್ಯಾಡಪಾ ಅಂತ ಅಂದುಬಿಟ್ಟೆ. ಅಂವ ತಲಿ ಬಗ್ಗಿಸಿ ಹೋದ. ಅಂವ ಹೋದ ಮ್ಯಾಲ ಉಪ್ಪು ಮೆಣಸಿನಕಾಯಿ ಇಳಿ ತಗದೆ. ದವಾಖಾನಿಗಿ ಕರಕೊಂಡು ಹೋಗಲಿಲ್ಲ, ದೃಷ್ಟಿ ತಗದೆ.

ನೀ ರಸ್ತಾ ದಾಟುವಾಗ ಅಂಜಾಕಿ, ಗ್ಯಾಸಿನ ಕಿವಿ ಮೂರು ಸಲ ತಿರುವಿ ನೋಡಾಕಿ, ಹಲ್ಲಿ ಲೊಚಗುಟ್ಟಿದರ ಎದ್ದು ಕೂಡಾಕಿ ನಾನು. ಅಂಬುಬಾಯಿಗಿ ಅಂಜಾಕ ಕಾರಣ ಬೇಕಿಲ್ಲ ಅಂತ ಬಾಜೂ ಮನೀ ಜಿಜಾಬಾಯಿ ನಗ್ತಾಳ. ಜನ್ಮಾ ಪೂರ್ತಿ ಇಲ್ಲದ್ದಕ್ಕ ಅಂಜಿದೆ, ಅಂಜಬೇಕಾದ ನಾಕು ತಿಂಗಳು ಅಂಜಲಿಲ್ಲ. ಅಲ್ಲ, ಇದೂ ಸುಳ್ಳು. ಅಂಜಿಕಿ ಬಂದಿತ್ತು. ಒಂದನೇ ತಾರೀಖು ಹೋಗಿಬಿಡ್ತದ ಅನ್ನೋ ಅಂಜಿಕಿ ಅದಕ್ಕಿಂತ ದೊಡ್ಡದಿತ್ತು. ಜಡ್ಡು ಅಂತ ಬಾಯಿ ಬಿಟ್ಟರ ಮತ್ತ ಮನ್ಯಾಗ ನಗು ಇರೋದಿಲ್ಲ ಅಂತ.

ಅಕ್ಟೋಬರ್ ಒಂದಕ್ಕ ಅರವತ್ತೈದು ಕಿಲೋ. ನೀ ಭಾಗಾಕಾರ ಮಾಡಿ ಇಪ್ಪತ್ತಮೂರು, ಗೆದ್ದೀ ಅಪ್ಪಾ ಅಂತ ಅತ್ತಿ. ನಾಕು ದಿನಕ್ಕ ಸಂಜುಕುಮಾರನ ಕೈಯಾಗ ನೀಲಿ ಅಂಗಿ ಕಳಿಸಿದಿ. ಮೊದಲನೇ ಸಲ ಅಂವ ನಮ್ಮ ಹೊಸ್ತಿಲ ದಾಟಿದ. ನಿಮ್ಮಪ್ಪ ತಾವೇ ಎದ್ದು ನೀರಿನ ತಂಬಗಿ ಕೊಟ್ಟರು, ಕಾಲು ತೊಳಕೋ ಅಂದರು. ಆ ಅಂಗಿ ಹೆಗಲಿನಿಂದ ಜಾರ್ತಿತ್ತು, ಕಾಲರಿನ್ಯಾಗ ಎರಡು ಕುತ್ತಿಗಿ ಹಿಡೀತಿದ್ದವು. ಬರೋಬ್ಬರಿ ಆಗ್ಯಾದ ಅಂತ ಹೇಳು ಮೀನಾಗ ಅಂತ ಅವನಿಗೆ ಹೇಳಿ ಕಳಿಸಿದರು.

ನವೆಂಬರ್ ಒಂದಕ್ಕ ಕಾಟಾ ಅರವತ್ತೊಂದು ತೋರಿಸಿತು. ಕೆಳಗ ಇಳಿಯುವಾಗ ನನ್ನ ಹೆಗಲು ಹಿಡಕೊಂಡರು. ದಾರ್ಯಾಗ ನಿಂತು, ಅಂಬು, ಅರವತ್ತೈದೇ ಅಂತ ಹೇಳು, ಇನ್ನೂ ಇಳದರ ಆಕಿ ಗಾಬರಿ ಆಗ್ತಾಳ, ಅರವತ್ತೈದಕ್ಕ ನಿಂತದ ಅಂದರ ಖುಷಿ ಆಗ್ತಾಳ ಅಂದರು. ನಾ ಹಂಗೇ ಹೇಳಿದೆ. ನೋಟ್‌ಬುಕ್ಕಿನ್ಯಾಗೂ ಅರವತ್ತೈದು ಅಂತಲೇ ಬರದೀನಿ. ಆ ಪುಟದಾಗ ಅದೊಂದೇ ಸುಳ್ಳು ಅಂಕಿ.

ಇಪ್ಪತ್ತು ದಿನಕ್ಕ ಕಣ್ಣು ಹಳದಿ ಆದವು, ಗಂಜಿನ್ಯಾಗ ಬಿದ್ದರು. ಕಲಬುರಗಿ ದೊಡ್ಡ ದವಾಖಾನಿಗಿ ಒಯ್ದಿವಿ. ಅಲ್ಲಿ ನೀ ಔಷಧಿ ತರಾಕ ಹೋದಾಗ ಡಾಕ್ಟರು ನನ್ನ ಒಬ್ಬಾಕಿನ್ನೇ ಕರದು, ಯಾವಾಗಿಂದ ತೂಕ ಇಳಿಯಾಕತ್ತದ ಅಂತ ಕೇಳಿದರು. ನಾವೇ ಇಳಿಸಾಕತ್ತೀವ್ರಿ ಸಾಹೇಬ್ರ ಅಂದೆ. ಅವರು ಪೆನ್ನು ಕೆಳಗಿಟ್ಟರು. ಹಸಿವು ಇದ್ದೂ ಬಿಟ್ಟರೇನು, ಹಸಿವೇ ಆಗದೇ ಬಿಟ್ಟರೇನು ಅಂದರು. ಹಸಿವೇ ಇದ್ದಿಲ್ಲ ಅಂತ ನನಗ ಗೊತ್ತಿತ್ತು. ಹೊಟ್ಟಿ ಹಿಂದ ಗಂಟು ಆಗಿ ಎಲ್ಲಾ ಕಡಿ ಹಬ್ಬ್ಯಾದ ಅಂದರು. ನೀ ಬಂದು ಕೇಳಿದಾಗ, ಮೊದಲೇ ಬಂದಿದ್ದರೂ ಏನೂ ಆಗ್ತಿದ್ದಿಲ್ಲ ಅಂದಾರ ಅಂತ ನಿನಗ ಹೇಳಿದೆ. ಅವರು ಹಂಗ ಅಂದಿಲ್ಲ. ಮೂರು ನಾಕು ತಿಂಗಳ ಹಿಂದ ಬಂದಿದ್ದರ ನೋಡಬಹುದಿತ್ತು, ಉಳೀತಿದ್ದರು ಅಂತ ಖಾತ್ರಿ ಹೇಳಾಕ ಬರೋದಿಲ್ಲ, ಆದರ ನೋಡಬಹುದಿತ್ತು ಅಂದರು. ನಿಮ್ಮಪ್ಪ ಜನವರಿ ನಾಕಕ್ಕ ಹೋದರು. ಕಡೀಗಿ ಅವರನ್ನ ಎತ್ತಾಕ ನಾಕು ಮಂದಿ ಬೇಕಿದ್ದಿಲ್ಲ, ಮುಷರಫ್ ಒಬ್ಬನೇ ಎರಡು ಕೈಯಾಗ ಎತ್ತಿ ಗಾಡ್ಯಾಗ ಮಲಗಿಸಿದ. ಅಂವ ಅಳ್ತಿದ್ದ. ನನಗ ಅವನ ಮುಖ ನೋಡಾಕ ಆಗಲಿಲ್ಲ.

ಇದಿಷ್ಟು ನನ್ನ ಹೊಟ್ಟ್ಯಾಗ ಇತ್ತು. ಈಗ ನಿನ್ನ ಕೈಯಾಗ ಅದ. ನಿನ್ನ ನಂಬರು ಅವರನ್ನ ಕೊಲ್ಲಲಿಲ್ಲ. ಮೊದಲು ಭಾರ ಅದ ಅಂತ ಹೇಳಿತು, ಅದು ಖರೆ. ಆಮ್ಯಾಲ ಇಳದದ ಅಂತ ಹೇಳಿತು, ಅದೂ ಖರೆ. ಯಾಕ ಇಳೀತು ಅಂತ ಅದು ಹೇಳೋದಿಲ್ಲ, ಅದನ್ನ ಮನ್ಯಾಗಿನ ಮನುಷ್ಯಾ ಹೇಳಬೇಕು. ಮನ್ಯಾಗಿದ್ದಾಕಿ ನಾನು.

ಅದಕ್ಕ ಕೆಲಸ ಬಿಡಬ್ಯಾಡ ಮೀನಾ. ನೀ ಬಿಟ್ಟರ ಅಲ್ಲಿ ಬ್ಯಾರೆ ಯಾರೋ ಬರ್ತಾರ, ತೂಕ ಬರೀತಾರ, ಶಾಬಾಸ್ ಅಂತಾರ, ಕಳಸ್ತಾರ. ನಿನ್ನಂಗ ಎರಡನೇ ಮಾತು ಕೇಳೋರು ಬರ್ತಾರಂತ ಏನು ಗ್ಯಾರಂಟಿ. ನನ್ನಂಥ ಹೆಂಗಸು ಎದುರಿಗಿ ಕೂತು ಛಲೋ ಉಣ್ತಾರ್ರಿ ಅಂದರ, ನಂಬಬ್ಯಾಡ. ಉಡದಾರ ಎಷ್ಟು ಸಲ ಕತ್ತರಿಸಿದಿ ಅಂತ ಕೇಳು.

ಆ ಎರಡು ತುಂಡು ಕಾಗದದ ಒಳಗ ಇಟ್ಟೀನಿ. ಸೊಂಟದಾಗಿಂದು ಅವರು ಹೋದ ದಿನ ಸ್ನಾನ ಮಾಡಿಸುವಾಗ ಹರದರು, ಇವು ನನ್ನ ಡಬ್ಬ್ಯಾಗ ಉಳದಿದ್ದವು. ಸಿಟ್ಟು ಬಂದರ ನನ್ನ ಮ್ಯಾಲ ಮಾಡು, ಇವನ್ನ ಒಗೀಬ್ಯಾಡ.

ಕ್ಷಮಾ ಮಾಡು ಅಂತ ಬರಿಯಾಕ ನನಗ ಧೈರ್ಯ ಇಲ್ಲ. ಊಟ ಮಾಡು ಅಂತ ಮಾತ್ರ ಬರೀತೀನಿ.

ನಿನ್ನ ಅವ್ವ,
ಅಂಬುಬಾಯಿ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಾಕ ಹೋಗಿದ್ದೆ, ಮತ್ತ ಬಿಚ್ಚೀನಿ. ನಿನ್ನೆ ಮಹಾರುದ್ರಪ್ಪನ ಕಾಟಾದ ಮ್ಯಾಲ ನಾನೂ ನಿಂತೆ. ದೀಪಾವಳಿಗಿ ಐವತ್ತಾರು ಇದ್ದೆ, ಈಗ ನಲವತ್ತೆಂಟು. ಗಂಡ ಹೋದಾಕಿ ಸೊರಗದೇ ಉಬ್ಬತಾಳೇನು ಅಂತಾಳ ಜಿಜಾಬಾಯಿ. ಇರಬಹುದು. ಆದರ ನಾ ಎರಡೂ ಹೊತ್ತು ಉಣ್ಣಾಕತ್ತೀನಿ ಮೀನಾ, ಮೊದಲಿಗಿಂತ ಜಾಸ್ತಿನೇ. ನೀರಡಿಕಿ ಭಾಳ, ಈ ಕಾಗದ ಬರಿಯೋದ್ರಾಗ ಒಂದು ಕೊಡ ಖಾಲಿ ಆಗ್ಯಾದ. ರವಿಕಿ ಹೊಲಿಗಿ ಎರಡು ಸಲ ಒಳಗ ಹಿಡದೀನಿ. ಹದಿನೇಳಕ್ಕ, ಸೋಮವಾರ, ಬೆಳಿಗ್ಗಿ ಬಸ್ಸಿಗಿ ಹುಮನಾಬಾದಕ್ಕ ಬಂದು ನಿನ್ನ ದವಾಖಾನಿ ಸಾಲಿನ್ಯಾಗ ನಿಂತಿರ್ತೀನಿ. ಟ್ರಂಕಿನ ಕೀಲಿ ತಗದು ಬಾ. ಕೇಳು, ಈ ಸಲ ಹೇಳ್ತೀನಿ.