ಏಳು ತಿಂಗಳು ತಡವಾದ ವಿಮಾನ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಎಂಟು ಗಂಟೆ. ಬೆಟ್ಟದ ಮೇಲಿನ ನಮ್ಮ ವಿಮಾನ ನಿಲ್ದಾಣ: ಒಂದು ಕೋಣೆ, ಎರಡು ಬೆಂಚು, ಒಂದು ತೂಕದ ಯಂತ್ರ. ಆಕಾಶ ಶುಭ್ರ. ವಿಮಾನವಿಲ್ಲ.

ಮಾನ್ಯ ಸಾರಿಗೆ ಅಧಿಕಾರಿಗಳೇ,

ನಮ್ಮೂರಿನ ವಿಮಾನ ಸೇವೆ ನಿಂತು ಏಳು ತಿಂಗಳಾಯಿತು. ನಿಂತಿಲ್ಲ ಎನ್ನುವವರು ನೀವೊಬ್ಬರೇ. ನಿಮ್ಮ ಪತ್ರದ ಪ್ರಕಾರ ಅದು ‘ವಿಳಂಬ’ವಾಗಿದೆ. ವಿಮಾನವಿರುವ ಊರಿಗೆ ಬಸ್ಸೇಕೆ ಎಂದು ಅಂದು ಬಸ್ಸನ್ನು ತೆಗೆದಿರಿ. ವಿಮಾನ ಬರಲಿರುವ ಊರಿಗೆ ಬಸ್ಸೇಕೆ ಎಂದು ಈಗ ಕೇಳುತ್ತೀರಿ. ತರ್ಕದಲ್ಲಿ ಲೋಪವೇನೂ ಇಲ್ಲ. ಆಕಾಶ ಮಾತ್ರ ಸಹಕರಿಸುತ್ತಿಲ್ಲ.

ಒಂಬತ್ತು ಸೀಟಿನ ಆ ವಿಮಾನ ಹನ್ನೊಂದು ವಾರ ಹಾರಿತು. ನಮ್ಮನ್ನೂ ನಮ್ಮ ಚೀಲಗಳನ್ನೂ ಒಟ್ಟಿಗೆ ತೂಗಿ, ತೂಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಆ ಹನ್ನೊಂದು ವಾರ ಊರಿನ ಅರ್ಧ ಜನ ಒಂದು ಹೊತ್ತಿನ ಊಟ ಬಿಟ್ಟಿದ್ದರು. ಆಮೇಲೆ ವಿಮಾನದ ಕಂಪನಿ ಬಾಗಿಲು ಹಾಕಿತು. ಆದರೆ ನೀವೇ ನೇಮಿಸಿದ ನಿಲ್ದಾಣದ ಮೇಲ್ವಿಚಾರಕರಿಗೆ, ಅಂದರೆ ನಮ್ಮ ಚಿಕ್ಕಪ್ಪನಿಗೆ, ಅದನ್ನು ಯಾರೂ ಬರೆದು ತಿಳಿಸಲಿಲ್ಲ. ಕಾಗದದಲ್ಲಿ ಬಾರದ್ದು ಚಿಕ್ಕಪ್ಪನ ಮಟ್ಟಿಗೆ ನಡೆದೇ ಇಲ್ಲ. ಹಾಗಾಗಿ ದಿನವೂ ಎಂಟಕ್ಕೆ ಗಾಳಿಯ ದಿಕ್ಕು ನೋಡಿ, ‘ವಿಮಾನ ಇನ್ನೂ ಬಂದಿಲ್ಲ’ ಎಂದು ನಿಮಗೆ ವರದಿ ಕಳಿಸುತ್ತಾರೆ. ನೀವು ದಿನವೂ ‘ವಿಳಂಬ’ ಎಂದು ದಾಖಲಿಸುತ್ತೀರಿ. ಇಬ್ಬರು ಪ್ರಾಮಾಣಿಕರು ಸೇರಿ ಒಂದು ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ಸಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮಕ್ಕ ದರ್ಜಿ. ಅವಳ ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಬಲಗಣ್ಣು ಉಳಿಯಬೇಕಾದರೆ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಚುಚ್ಚುಮದ್ದು ಆಗಬೇಕು. ಸಿಕ್ಕ ತರಕಾರಿ ಲಾರಿ ಹತ್ತಿ ಅವಳು ತಲುಪುವಷ್ಟರಲ್ಲಿ ಎರಡು ಸಲ ವೈದ್ಯರು ಹೊರಟುಹೋಗಿದ್ದರು. ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ.

ನಿನ್ನೆ ಅವಳೇ ನಿಲ್ದಾಣಕ್ಕೆ ಬಂದಳು.

“ಚಿಕ್ಕಪ್ಪಾ, ಆ ವಿಮಾನ ಇನ್ನು ಬರಲ್ಲ ಅಂತ ಒಂದು ಸಾಲು ಬರೀಬಾರದಾ?”

“ಬರಲ್ಲ ಅನ್ನೋ ಅಧಿಕಾರ ನನಗಿಲ್ಲಮ್ಮ. ಬಂದಿಲ್ಲ ಅನ್ನಬಹುದು, ಅಷ್ಟೇ.”

“ಹಾಗಾದ್ರೆ ಇನ್ನೆರಡು ತಿಂಗಳಾದ ಮೇಲೆ ನನ್ನನ್ನ ಕುರುಡಿ ಅಂತಲೂ ಅನ್ನಬೇಡಿ. ಕಣ್ಣು ಸ್ವಲ್ಪ ತಡ ಮಾಡ್ತಿದೆ ಅಂತ ಬರೀರಿ.”

ಚಿಕ್ಕಪ್ಪ ನಗಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು.

ನಾನು ಕೇಳುವುದು ಇಷ್ಟೇ: ಸೇವೆ ಮುಗಿದಿದೆ ಎಂದು ನಿಮ್ಮ ಕಡತದಲ್ಲಿ ಬರೆಯಿರಿ, ಇದೇ ಇಪ್ಪತ್ತೆರಡರೊಳಗೆ ಬಸ್ಸನ್ನು ಮರಳಿಸಿ. ಇಪ್ಪತ್ತಮೂರಕ್ಕೆ ಅಕ್ಕನ ಚುಚ್ಚುಮದ್ದಿದೆ. ನೀವು ಬರೆಯದಿದ್ದರೆ ಆ ಸಾಲನ್ನು ಚಿಕ್ಕಪ್ಪನೇ ಬರೆಯಲು ನಿರ್ಧರಿಸಿದ್ದಾರೆ. ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯಲ್ಲಿ ಅವರು ತಮ್ಮ ಹುದ್ದೆಗೆ ಮೀರಿದ ಒಂದು ಪದವನ್ನೂ ಬರೆದವರಲ್ಲ. ಹಾಳೆ ಮೇಜಿನ ಮೇಲಿದೆ. ದಿನಾಂಕ ಹಾಕಿಯಾಗಿದೆ, ಸಹಿ ಇನ್ನೂ ಆಗಿಲ್ಲ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ಇನ್ನೇನು ಹಾರಲಿರುವ
ಮೂರನೇ ಸಾಲಿನ ಪ್ರಯಾಣಿಕ