ನಿಜ ಹೇಳು, ಬಿಟ್ಟುಕೊಟ್ಟೆಯಾ?

ಭಾನುವಾರ ಬೆಳಿಗ್ಗೆ

ನನ್ನ ಚಿನಕುರುಳಿ ತಂಗಿಗೆ ಅಕ್ಕನ ಆಶೀರ್ವಾದ, ಜೊತೆಗೆ ತಲೆಗೊಂದು ಮೊಟಕು.

ಫೋನ್ ಇದ್ದೂ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ಏನು ಕೇಳಿದರೂ ನೀನು ತಮಾಷೆ ಮಾಡಿ ಜಾರಿಕೊಳ್ಳುತ್ತೀಯ. ಬರೆಯುವಾಗ ಮಾತ್ರ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಶಾಲೆಯ ರಜಾ ಚೀಟಿಯಲ್ಲಿ ಜ್ವರ ಅಂತ ಬರೆಯಲಾಗದೆ, ಮ್ಯಾಚ್ ಇದೆ ಅಂತಲೇ ಬರೆದು ಬೈಸಿಕೊಂಡವಳು ನೀನು. ಅದಕ್ಕೇ ಈ ಕಾಗದ. ನನಗೆ ಬೇಕಾಗಿರುವುದು ಒಂದೇ ಒಂದು ಉತ್ತರ. ನಿನ್ನೆ ಫುಟ್‌ಬಾಲ್ ಪಂದ್ಯದ ಕೊನೆಯಲ್ಲಿ ನಾನು ಹೊಡೆದ ಪೆನಾಲ್ಟಿಯನ್ನು, ಎದುರು ಗೋಲಿನಲ್ಲಿ ನಿಂತಿದ್ದ ನೀನು ಬೇಕೆಂದೇ ಬಿಟ್ಟೆಯಾ?

ಇಲ್ಲಿ ಯಾರಿಗೂ ಈ ಅನುಮಾನ ಇಲ್ಲ. ಊರಿಗೆ ಊರೇ ಕುಣಿಯುತ್ತಿದೆ. ನಮ್ಮ ಬೀದಿಯ ಬಾಲ್ಕನಿಗಳಲ್ಲೆಲ್ಲ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕ್ಲಬ್ಬಿನ ಜೆರ್ಸಿಗಳು ನೇತಾಡುತ್ತಿವೆ. ಜೆರ್ಸಿ ಇಲ್ಲದವರು ಅದೇ ಬಣ್ಣದ ದಿಂಬಿನ ಕವರನ್ನಾದರೂ ನೇತುಹಾಕಿದ್ದಾರೆ. ನಮ್ಮ ಕೋಚ್ ಬಸ್ಸಿನಲ್ಲಿ ಬಾಯಿಬಿಟ್ಟು ನಕ್ಕರು. ಅವರಿಗೆ ಅಷ್ಟೊಂದು ಹಲ್ಲಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಅಮ್ಮನಂತೂ ಕಿಟಕಿಯಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಹೊಡೆದವಳೂ ನನ್ನ ಮಗಳೇ, ಹೊಡೆಸಿಕೊಂಡವಳೂ ನನ್ನ ಮಗಳೇ ಎಂದು ಹೇಳುತ್ತಿದ್ದಾಳೆ.

ಎಲ್ಲರ ಜೊತೆ ನಾನೂ ಕುಣಿದೆ. ಕುಣಿಯದೆ ಇರಲಾಗುತ್ತದೆಯೇ? ಸೋತಿದ್ದರೆ ನಾವು ಕೆಳಗಿನ ದರ್ಜೆಗೆ ಬೀಳುತ್ತಿದ್ದೆವು. ಅಲ್ಲಿಗೆ ಹೋದ ಮೇಲೆ ಈ ವಯಸ್ಸಿನ ಡಿಫೆಂಡರನ್ನು ಯಾವ ಕ್ಲಬ್ಬೂ ಸಂಬಳ ಕೊಟ್ಟು ಇಟ್ಟುಕೊಳ್ಳುವುದಿಲ್ಲ. ನಿಮ್ಮದು ಹೇಗೂ ಪಾಯಿಂಟ್ ಪಟ್ಟಿಯ ನಡುವೆ ಹಾಯಾಗಿ ಕೂತ ತಂಡ, ಗೆದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದೇ ನನ್ನ ತಲೆ ಕೊರೆಯುತ್ತಿರುವುದು. ಕಳೆದುಕೊಳ್ಳಲು ಏನೂ ಇಲ್ಲದವರಿಗೆ ಕೊಟ್ಟುಬಿಡುವುದು ಸುಲಭ.

ನಾವಿಬ್ಬರೂ ಮಾತು ಬಿಟ್ಟಿದ್ದು ಇದೇ ನ್ಯಾಯದ ವಿಷಯಕ್ಕಲ್ಲವೇ? ಸೇತುವೆಯ ಆಚೆ ನಿಮ್ಮೂರಲ್ಲಿ ನೀವು ಇಡೀ ತಂಡ ಕೂಡಿ, ಒಬ್ಬರ ಮೇಲೊಬ್ಬರು ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದಿರಿ. ಈಚೆ ಕಾಯಿಲೆ ಹಬ್ಬಿದೆ ಅಂತ ನಮ್ಮ ಮೈದಾನದ ಗೇಟಿಗೆ ಬೀಗ. ಆಮೇಲೆ ಗೇಟು ತೆರೆದರೂ ನಾಲ್ಕು ನಾಲ್ಕು ಜನ, ಕೈಚಾಚಿದರೂ ತಾಗದಷ್ಟು ದೂರ, ತಲೆಯಿಂದ ಚೆಂಡು ಮುಟ್ಟುವಂತಿಲ್ಲ, ಎದುರಿನವರ ಕಾಲಿಂದ ಕಸಿಯುವಂತಿಲ್ಲ. ಲೀಗಿನವರನ್ನು ಕೇಳಿದರೆ, ಕಾಯಿಲೆ ಎಲ್ಲ ಊರಲ್ಲೂ ಒಂದೇ ಥರ ಇಲ್ಲ, ನಿಯಮವೂ ಒಂದೇ ಥರ ಇರಲ್ಲ, ಅದು ಆಯಾ ಊರಿನ ಆಡಳಿತಕ್ಕೆ ಬಿಟ್ಟಿದ್ದು ಅಂದರು. ಹಾಗಾದರೆ ಪಾಯಿಂಟ್ ಪಟ್ಟಿ ಮಾತ್ರ ಯಾಕೆ ಎಲ್ಲರಿಗೂ ಒಂದೇ ಅಂತ ನಮ್ಮ ಕೋಚ್ ಕೇಳಿದರು.

ಅದೇ ಉರಿಯಲ್ಲಿ ನಾನು ನಿನಗೆ ಫೋನ್ ಮಾಡಿ, ನಿಮ್ಮದು ಮೋಸದ ಆಟ ಅಂದೆ. ಮೊದಲ ಸಲ ಕಾಯಿಲೆ ಹಬ್ಬಿದಾಗ ನಮ್ಮೂರಿಗೆ ಬೀಗ ಬಿದ್ದಿತ್ತಲ್ಲ, ಆಗ ನೀವು ಆರಾಮಾಗಿ ಆಡ್ತಾ ಇದ್ರಲ್ಲ, ನಾನು ತಾರಸಿ ಮೇಲೆ ನೀರಿನ ಟ್ಯಾಂಕ್ ಸುತ್ತ ಓಡ್ತಿದ್ದೆ, ನಿನಗೊಂದು ಮಾತಾದ್ರೂ ಅಂದ್ನಾ ಅಂತ ನೀನು ಕೇಳಿದೆ. ತಪ್ಪು ತಮ್ಮದಾದಾಗ ದೊಡ್ಡವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಫೋನ್ ಕುಕ್ಕಿದೆ.

ನಿನ್ನೆ ನಮ್ಮ ಮೊದಲರ್ಧ ನೋಡಿದೆಯಲ್ಲ, ನಗಬೇಡ. ದೂರ ನಿಂತು ನಿಂತು ನಮಗೆ ದೂರವೇ ಅಭ್ಯಾಸವಾಗಿಬಿಟ್ಟಿತ್ತು. ನಿಮ್ಮ ಹುಡುಗಿ ಚೆಂಡು ತಳ್ಳಿಕೊಂಡು ಬಂದರೆ ನಮ್ಮ ಎಡಗಡೆಯ ಡಿಫೆಂಡರ್ ಮೆಟ್ಟಿಲ ಮೇಲೆ ಹಿರಿಯರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಸಾಲದ್ದಕ್ಕೆ ಸಾರಿ ಬೇರೆ ಅಂದಳಂತೆ! ಕಾರ್ನರಿನಲ್ಲಿ ನಾವೆಲ್ಲ ನಿಮ್ಮವರಿಗೆ ಗಾಳಿ ಬರಲಿ ಅನ್ನುವಷ್ಟು ಜಾಗ ಬಿಟ್ಟು ನಿಂತೆವು. ಎರಡು ಗೋಲು ಬಿದ್ದವು. ವಿರಾಮದಲ್ಲಿ ಕೋಚ್ ಕೂಗಾಡಲಿಲ್ಲ. ಒಬ್ಬೊಬ್ಬರನ್ನೇ ಹತ್ತಿರ ಕರೆದು ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಮುಟ್ಟಿದ್ರೆ ಏನೂ ಆಗಲ್ಲ, ಎಲ್ಲರ ಪರೀಕ್ಷೆನೂ ಆಗಿದೆ, ಹೋಗಿ ಮೈಮೇಲೆ ಬೀಳಿ ಅಂದರು. ಎಷ್ಟೋ ದಿನದ ಮೇಲೆ ಮನೆಯವರಲ್ಲದ ಒಬ್ಬರು ಮುಟ್ಟಿದ್ದು ಅದು. ನಮ್ಮ ಗೋಲ್‌ಕೀಪರ್ ಅತ್ತೇ ಬಿಟ್ಟಳು. ಆಮೇಲೆ ನಾವು ಆಡಿದ್ದು ನಿನಗೆ ಗೊತ್ತೇ ಇದೆ. ಒಂದು ಗೋಲು ವಾಪಸ್ ಬಂತು, ಮೈಗೆ ಮೈ ತಾಗಿ ಜೀವ ಬಂತು, ಕೊನೆಗೆ ಆ ಪೆನಾಲ್ಟಿಯಿಂದ ಎರಡು-ಎರಡು ಸಮ, ನಾವು ಉಳಿಯಲು ಅಷ್ಟೇ ಸಾಕಿತ್ತು.

ಈಗ ಸರಿಯಾಗಿ ಓದು. ನಾನು ಹುಟ್ಟಾ ಎಡಕ್ಕೇ ಹೊಡೆಯುವವಳು. ನಿನ್ನೆಯೂ ಎಡಕ್ಕೇ ಅಂತ ತೀರ್ಮಾನಿಸಿದ್ದೆ. ಆದರೆ ಬೀಗ ಬಿದ್ದ ಕಾಲದಲ್ಲೆಲ್ಲ ನಾನು ಪೆನಾಲ್ಟಿ ಅಭ್ಯಾಸ ಮಾಡಿದ್ದು ನಮ್ಮ ಮನೆಯ ಓಣಿಯಂಥ ಪಡಸಾಲೆಯಲ್ಲಿ. ಗೋಲು ಅಂದರೆ ಮುಂಬಾಗಿಲು. ಬಾಗಿಲ ಎಡಕ್ಕೆ ಅಮ್ಮನ ಗಾಜಿನ ಬೀರು, ಒಳಗೆ ಅವಳ ಪಿಂಗಾಣಿ ಬಟ್ಟಲುಗಳು. ಮೊದಲ ದಿನವೇ ಒಂದು ಗಾಜು ಬಿರುಕು ಬಿಟ್ಟು, ಅಮ್ಮ ಸೌಟು ಹಿಡಿದು ಬೀರುವಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಅಂದಿನಿಂದ ಬಲಕ್ಕೆ ಹೊಡೆದಿದ್ದೇ ಹೊಡೆದಿದ್ದು. ನಿನ್ನೆ ಓಡಿ ಬಂದು ಎಡಕ್ಕೆ ಅಂತ ಕಾಲು ಬೀಸಿದೆ. ತಲೆ ಎಡಕ್ಕೆ ಅಂದಿತು, ಕಾಲಿಗೆ ಅಮ್ಮ ಕಂಡಳು. ಚೆಂಡು ತಾನಾಗಿ ಬಲಕ್ಕೆ ಹೋಯಿತು.

ಅಂದರೆ ನನ್ನ ಪಾಲಿನದು ಬರೀ ಅದೃಷ್ಟ, ಒಪ್ಪಿಕೊಂಡೆ. ನಿನ್ನ ಪಾಲಿನದು? ನಾನು ಚೆಂಡು ಮುಟ್ಟುವ ಮೊದಲೇ ನೀನು ನನ್ನ ಎಡಗಡೆಗೆ ಹಾರಿಯಾಗಿತ್ತು. ಕಡೇ ಗಳಿಗೆಯವರೆಗೂ ಕಣ್ಣು ಮಿಟುಕಿಸದೆ ಕಾಯುವ ನೀನು! ಈ ಸೀಸನ್ನಿನಲ್ಲಿ ಒಂದೇ ಒಂದು ಪೆನಾಲ್ಟಿ ಬಿಡದ ನೀನು! ಪಂದ್ಯ ಮುಗಿದ ಮೇಲೆ ಕೈಕುಲುಕುವ ಹಾಗಿಲ್ಲ, ಅವರವರ ಬಾಗಿಲು, ಅವರವರ ಬಸ್ಸು. ನಿನ್ನ ಮುಖ ನೋಡಲೂ ಆಗಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು.

ಅಕ್ಕನ ಮೇಲಿನ ಅಕ್ಕರೆಗೆ ಬಿಟ್ಟಿದ್ದರೆ, ದಯವಿಟ್ಟು ಹೇಳಿಬಿಡು. ನ್ಯಾಯ ನ್ಯಾಯ ಅಂತ ಗಂಟಲು ಹರಿದುಕೊಂಡವಳು ನಾನು. ತಂಗಿ ಕೊಟ್ಟ ಗೋಲಿನ ಮೇಲೆ ಕೂತು ಉಣ್ಣುವುದಕ್ಕಿಂತ ಕೆಳಗಿಳಿಯುವುದೇ ವಾಸಿ. ಕೋಚ್ ಮುಂದೆ ಹೋಗಿ ಹೇಳಿ, ಬೂಟು ಕಳಚಿಟ್ಟು ಬರುತ್ತೇನೆ. ನಿನ್ನ ಉತ್ತರ ಬರುವವರೆಗೂ ನಾನು ಕುಣಿಯುವುದೆಲ್ಲ ಅರೆಮನಸ್ಸಿನದು.

ಕಾಯುತ್ತಿರುವ,
ನಿನ್ನ ಅಕ್ಕ

*

ಬುಧವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ಕ್ಯಾಪ್ಟನ್ ಅಕ್ಕನಿಗೆ,

ನಿನ್ನ ಕಾಗದ ಓದಿ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಗಾಜಿನ ಬೀರುವಿನ ಹತ್ತಿರ ಬಂದಾಗ ಎಷ್ಟು ಜೋರಾಗಿ ನಕ್ಕೆನೆಂದರೆ ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ಚಾವಣಿ ತಟ್ಟಿದರು. ಅಯ್ಯೋ ದೇವರೇ, ನನ್ನನ್ನು ಸೋಲಿಸಿದ್ದು ಅಮ್ಮನ ಸೌಟೇ?

ಬಿಟ್ಟುಕೊಟ್ಟೆಯಾ ಅಂತ ಕೇಳಲು ನಿನಗೆ ಬಾಯಾದರೂ ಹೇಗೆ ಬಂತು? ಕೇಳು. ನೀನು ಎಡಕ್ಕೇ ಹೊಡೆಯುತ್ತೀಯ ಅಂತ ನಮ್ಮ ಕೋಚಿಗೆ ಹೇಳಿದವಳೇ ನಾನು. ಹೇಳಿ ಸುಮ್ಮನಾಗಲಿಲ್ಲ. ನೀನು ಹೊಡೆಯುವ ಮೊದಲು ಸಾಕ್ಸ್ ಎಳೆದುಕೊಳ್ಳುವುದು, ಎರಡು ಹೆಜ್ಜೆ ಹಿಂದೆ ಹೋಗಿ ಒಂದು ಹೆಜ್ಜೆ ಪಕ್ಕಕ್ಕೆ ಇಡುವುದು, ಎಲ್ಲವನ್ನೂ ನಮ್ಮ ಸಹಾಯಕ ಕೋಚಿಗೆ ಕುಣಿದು ತೋರಿಸಿದೆ. ಆತ ನಿನ್ನ ಹಾಗೇ ಸಾಕ್ಸ್ ಎಳೆದುಕೊಂಡು ದಿನಾ ಎಡಕ್ಕೆ ಹೊಡೆದ, ನಾನು ದಿನಾ ಹಾರಿ ಹಿಡಿದೆ. ನಮ್ಮ ಮೈದಾನ ತೆರೆದಿತ್ತಲ್ಲ, ನಿನ್ನ ಹೊಟ್ಟೆ ಉರಿಸಿದ ಆ ಅಭ್ಯಾಸದಲ್ಲಿ ಮುಕ್ಕಾಲು ಪಾಲು ಇದೇ ಆಗಿತ್ತು. ಕೊನೆಗೆ ನನಗೆ ನಿನ್ನ ಮೇಲೆ ಎಷ್ಟು ನಂಬಿಕೆ ಬಂದಿತ್ತೆಂದರೆ ಕಾಯುವ ಅಗತ್ಯವೇ ಕಾಣಲಿಲ್ಲ. ನೀನು ಸಾಕ್ಸ್ ಎಳೆದುಕೊಂಡು ಓಡಿ ಬರುತ್ತಿದ್ದ ಹಾಗೇ ನನ್ನ ಕಾಲು ಎದ್ದುಬಿಟ್ಟಿತು. ಬೇರೆ ಯಾರೇ ಹೊಡೆದಿದ್ದರೂ ಕಾಯುತ್ತಿದ್ದೆ, ಹಿಡಿಯುತ್ತಿದ್ದೆ. ಹೆಚ್ಚು ಅಭ್ಯಾಸ ಮಾಡಿ ನಾನು ಕೆಟ್ಟೆ, ಅಭ್ಯಾಸಕ್ಕೆ ಜಾಗವಿಲ್ಲದೆ ನೀನು ಗೋಲು ಹೊಡೆದೆ. ಇದನ್ನು ನಿನ್ನ ನ್ಯಾಯದ ತಕ್ಕಡಿಯಲ್ಲಿ ಎಲ್ಲಿ ಇಡುತ್ತೀಯೋ ಇಡು, ಲೀಗಿನವರಿಗೂ ಒಂದು ಪ್ರತಿ ಕಳಿಸು.

ಹಾಗಂತ ನಡೆದದ್ದೆಲ್ಲ ಸರಿ ಅಂತಲ್ಲ. ನಿಮ್ಮ ಹುಡುಗಿ ಸಾರಿ ಅಂದಿದ್ದು ನನಗೆ ಕೇಳಿಸಿತು. ನಮ್ಮವರು ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಎರಡು ಗೋಲಿಗೆ ನಾವು ಕುಣಿದದ್ದು ನನಗಂತೂ ಈಗಲೂ ನಾಚಿಕೆ. ನಿನ್ನೆ ಆಟಗಾರರ ಸಭೆಯಲ್ಲಿ, ಮುಂದೆ ಒಂದು ಊರಿಗೆ ಬೀಗ ಬಿದ್ದರೆ ಆ ಊರಿನ ತಂಡ ಅಭ್ಯಾಸ ಮುಗಿಸುವವರೆಗೂ ಅದರ ಪಂದ್ಯ ಮುಂದೂಡಬೇಕು ಅಂತ ಕೈ ಎತ್ತಿದೆ. ಮೊದಲು ನನ್ನದೊಂದೇ ಕೈ. ಆಮೇಲೆ ಪಕ್ಕದವಳು ಎತ್ತಿದಳು, ನಿಧಾನಕ್ಕೆ ಎಲ್ಲರೂ ಎತ್ತಿದರು. ಲೀಗ್ ಕೇಳುತ್ತದೋ ಇಲ್ಲವೋ ಗೊತ್ತಿಲ್ಲ.

ಆದ್ದರಿಂದ ಬೂಟು ಕಳಚುವ ನಾಟಕ ಬೇಡ. ನಿನ್ನನ್ನು ಕೆಳಗಿಳಿಸಬೇಕು ಅಂತಲೇ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹಾರಿದೆ. ಸಿಗಲಿಲ್ಲ. ಇನ್ನು ಪೂರ್ತಿ ಮನಸ್ಸಿನಿಂದ ಕುಣಿ.

ನಿನಗೆ ಏನನ್ನೂ ಬಿಟ್ಟುಕೊಡದ,
ನಿನ್ನ ತಂಗಿ

ತಾ.ಕ.: ಇಲ್ಲಿಯ ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿದೆ. ಗೋಲಿನ ಮುಂದೆ ಬೋರಲು ಬಿದ್ದು ಮುಖವನ್ನು ಹುಲ್ಲಿನಲ್ಲಿ ಹುದುಗಿಸಿಕೊಂಡಿದ್ದೇನೆ. ಕೆಳಗೆ 'ಕಣ್ಣೀರು ತಡೆಯಲಾಗದ ಗೋಲ್‌ಕೀಪರ್' ಅಂತ ಹಾಕಿದ್ದಾರೆ. ನಮ್ಮ ಕೋಚ್ ಕೂಡ ಓಡಿ ಬಂದು ಬೆನ್ನು ಸವರಿ, ಅಳಬೇಡಮ್ಮ, ಆಗುತ್ತೆ ಅಂದರು. ಅವರು ಎಷ್ಟು ಎಬ್ಬಿಸಿದರೂ ನಾನು ಮುಖ ಎತ್ತಲಿಲ್ಲ. ಎತ್ತಿದ್ದರೆ ಅವತ್ತೇ ಕ್ಲಬ್ಬಿನಿಂದ ಓಡಿಸುತ್ತಿದ್ದರು. ನೀನು ಉಳಿದುಕೊಂಡೆ ಅಂತ ನಗು ತಡೆಯಲಾಗಲಿಲ್ಲ ಕಣೇ ಅಕ್ಕ. ಬಾಯಿ ತುಂಬ ಹುಲ್ಲು.